ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (1886–1965) ಮೈಸೂರು ಸಂಸ್ಥಾನದ ಪ್ರಸಿದ್ಧ ಚಿತ್ರಕಲಾವಿದರು. ಬಂಗಾಳ ಶೈಲಿಯಲ್ಲಿ ತರಬೇತಿ ಪಡೆದ ಅವರು ಪೌರಾಣಿಕ ಚಿತ್ರಗಳು, ಊಟಿಯ ಜಲವರ್ಣ ನಿಸರ್ಗಚಿತ್ರಗಳು ಹಾಗೂ ಪ್ಲಾಸ್ಟರ್ ಉಬ್ಬುಶಿಲ್ಪಗಳಿಗಾಗಿ ಹೆಸರಾಗಿದ್ದಾರೆ. ವೈಣಿಕರೂ ಆಗಿದ್ದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರನ್ನು ಹೊತ್ತಿದೆ.

ಬಾಲ್ಯ ಮತ್ತು ಶಿಕ್ಷಣ

ವೆಂಕಟಪ್ಪನವರು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಚಿತ್ರಕಲೆ ಅವರಿಗೆ ವಂಶಪಾರಂಪರ್ಯವಾಗಿ ಬಂದ ವೃತ್ತಿ. ಅವರ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಹೆಚ್ಚಿನ ಅಭ್ಯಾಸಕ್ಕಾಗಿ 1909ರಲ್ಲಿ ಕಲ್ಕತ್ತೆಗೆ ತೆರಳಿದರು. ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಮತ್ತು ಅಸಿತ್ ಕುಮಾರ್ ಹಾಲ್ದಾರ್ ಅವರ ಸಹಾಧ್ಯಾಯಿಗಳು.

ಪುಸ್ತಕ ಚಿತ್ರಗಳು

ಸೋದರಿ ನಿವೇದಿತಾ ಆರಂಭಿಸಿ, ಅವರ ಮರಣಾನಂತರ ಆನಂದ ಕುಮಾರಸ್ವಾಮಿ ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ವರ್ಣಚಿತ್ರಗಳಲ್ಲಿ ರಾಮಾಯಣದ ಹಲವು ಪ್ರಸಂಗಗಳನ್ನು ವೆಂಕಟಪ್ಪನವರು ರಚಿಸಿದರು. ಭಾರತೀಯ ಶಿಲ್ಪ ಮತ್ತು ಚಿತ್ರಗಳಲ್ಲಿನ ಅಂಗರಚನೆಯನ್ನು ಕುರಿತ ಅವನೀಂದ್ರನಾಥರ ಕೃತಿಗೂ ನಂದಲಾಲರೊಂದಿಗೆ ರೇಖಾಚಿತ್ರಗಳನ್ನು ಬರೆದುಕೊಟ್ಟರು. ಹೀಗೆ ವಿದ್ಯಾರ್ಥಿಯಾಗಿರುವಾಗಲೇ ಅವರ ಚಿತ್ರಗಳು ವಿದೇಶದ ಓದುಗರನ್ನು ತಲುಪಿದವು.

ವೀಣೆ ಮತ್ತು ನಿಸರ್ಗಚಿತ್ರಗಳು

ಮೈಸೂರಿಗೆ ಮರಳಿದ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಕೈಗೊಂಡರು. ಈ ಸಾಧನೆಯಲ್ಲಿ ಅವರು ಎಷ್ಟು ತಲ್ಲೀನರಾದರೆಂದರೆ ಕುಂಚ ಕೆಲಕಾಲ ಹಿಂದೆ ಸರಿಯಿತು. ವೀಣೆಯ ಮೋಹಕ್ಕೆ ಒಳಗಾದ ತಮ್ಮನ್ನೇ ವಸ್ತುವಾಗಿಸಿಕೊಂಡು ಅವರು ರಚಿಸಿದ ಚಿತ್ರವೂ ಪ್ರಸಿದ್ಧವಾಗಿದೆ.

1926ರಿಂದ ಊಟಿಯಲ್ಲಿ, ಅನಂತರ ಕೊಡೈಕೆನಾಲ್‌ನಲ್ಲಿ ರಚಿಸಿದ ಜಲವರ್ಣಗಳಲ್ಲಿ ಅವರ ಕಲೆ ಹೊಸ ದಾರಿ ಹಿಡಿಯಿತು. ಪುರಾಣದ ಪಾತ್ರಗಳ ಸ್ಥಾನದಲ್ಲಿ ಬೆಟ್ಟ, ಕೆರೆ, ಮಂಜು, ಮಳೆಮೋಡಗಳು ಬಂದವು. ಬೆಳಕಿನ ಸೂಕ್ಷ್ಮ ಬದಲಾವಣೆಗಳನ್ನು ದೀರ್ಘಕಾಲ ಗಮನಿಸಿ, ತೆಳುವಾದ ಬಣ್ಣದ ಪದರಗಳಲ್ಲಿ ಚಿತ್ರಿಸುವುದು ಅವರ ಕ್ರಮವಾಗಿತ್ತು. ಕೃತಿಗಳ ಸಂಖ್ಯೆ ಕಡಿಮೆಯಿರಲು ಈ ನಿಧಾನವೂ ಒಂದು ಕಾರಣ.

ಅರಮನೆಯೊಂದಿಗಿನ ವಿವಾದ

ಕೃಷ್ಣರಾಜ ಒಡೆಯರು ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳ ರಚನೆಯನ್ನು ವೆಂಕಟಪ್ಪನವರಿಗೆ ವಹಿಸಿದ್ದರು. 1940ರಲ್ಲಿ ಮಹಾರಾಜರು ನಿಧನರಾದ ಬಳಿಕ ಆ ಕಾರ್ಯ ಮುಂದುವರಿಯಲಿಲ್ಲ. ತಮ್ಮ ಶ್ರಮಕ್ಕೆ ಸಲ್ಲಬೇಕಾದ ಪ್ರತಿಫಲಕ್ಕಾಗಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲೇರಿದರು. ಆದರೆ ಮೊಕದ್ದಮೆಯಲ್ಲಿ ಅವರಿಗೆ ಸೋಲಾಯಿತು. ತಲೆಮಾರುಗಳಿಂದ ಅರಮನೆಯ ಆಶ್ರಯದಲ್ಲಿ ಬದುಕಿದ ಮನೆತನದ ಕಲಾವಿದರೊಬ್ಬರು ತಮ್ಮ ದುಡಿಮೆಯ ಬೆಲೆಯನ್ನು ಕೃಪೆಯೆಂದಲ್ಲದೆ ಹಕ್ಕೆಂದು ಕೇಳಿದ ಈ ಪ್ರಸಂಗ, ಕರ್ನಾಟಕದ ಕಲಾ ಇತಿಹಾಸದಲ್ಲಿ ಗಮನಾರ್ಹವಾದುದು.

ಕೊನೆಯ ವರ್ಷಗಳು ಮತ್ತು ಸ್ಮರಣೆ

ಅವಿವಾಹಿತರಾಗಿಯೇ ಉಳಿದ ವೆಂಕಟಪ್ಪನವರು ಬೆಂಗಳೂರಿನಲ್ಲಿ ಶಿಸ್ತಿನ, ಏಕಾಂತದ ಜೀವನ ನಡೆಸಿದರು. ತಮ್ಮ ಚಿತ್ರಗಳನ್ನು ಸುಲಭವಾಗಿ ಮಾರಲು ಒಪ್ಪುತ್ತಿರಲಿಲ್ಲ. ಇದರಿಂದ ಅವರ ಜೀವಿತಕಾಲದಲ್ಲಿ ಅನೇಕ ಕೃತಿಗಳು ಸಾರ್ವಜನಿಕರ ಕಣ್ಣಿಗೆ ಬೀಳುವುದು ಅಪರೂಪವಾಗಿತ್ತು. ಆದರೆ ಅದೇ ಕಾರಣದಿಂದ ಅವು ಚದುರಿಹೋಗದೆ ಉಳಿದವು. 1965ರಲ್ಲಿ ಅವರು ನಿಧನರಾದರು.

ಅವರ ಸ್ಮರಣಾರ್ಥ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ನಿರ್ಮಿಸಲಾದ ವೆಂಕಟಪ್ಪ ಚಿತ್ರಶಾಲೆಯು 1975ರಲ್ಲಿ ಆರಂಭವಾಯಿತು. ಇಲ್ಲಿ ವೆಂಕಟಪ್ಪನವರ ಚಿತ್ರಗಳು ಮತ್ತು ಉಬ್ಬುಶಿಲ್ಪಗಳ ಜೊತೆಗೆ ಕೆ. ಕೆ. ಹೆಬ್ಬಾರರ ಕೃತಿಗಳೂ ಇವೆ. ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಸರ್ಕಾರದ ಯೋಜನೆಯನ್ನು 2016ರಲ್ಲಿ ಬೆಂಗಳೂರಿನ ಕಲಾವಿದರು ವಿರೋಧಿಸಿ ಪ್ರತಿಭಟನೆ ನಡೆಸಿದರು. ಚಿತ್ರಶಾಲೆಯು ಸಾರ್ವಜನಿಕ ಸ್ಥಳವಾಗಿಯೇ ಉಳಿಯಬೇಕೆಂಬುದು ಅವರ ಬೇಡಿಕೆಯಾಗಿತ್ತು.