ಸಸ್ಯಗಳ ಸಾಕ್ಷ್ಯ: ವ್ಲಾದಿಮಿರ್ ಕೊಪ್ಪೆನ್

ಜರ್ಮನ್ ಮನೆತನದ ವ್ಲಾದಿಮಿರ್ ಕೊಪ್ಪೆನ್ 1846ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದರು. ಶಾಲೆಯ ದಿನಗಳು ಕಳೆದದ್ದು ಕ್ರಿಮಿಯದಲ್ಲಿ. ಅಲ್ಲಿಂದ ವ್ಯಾಸಂಗಕ್ಕಾಗಿ ಉತ್ತರಕ್ಕೆ ಪಯಣಿಸುವಾಗ ಹುಲ್ಲುಗಾವಲು ಕ್ರಮೇಣ ಕಾಡಾಗಿ ಮಾರ್ಪಡುವುದನ್ನು ಅವರು ಕಂಡರು. ಸಸ್ಯಗಳ ಬೆಳವಣಿಗೆಯ ಮೇಲೆ ಉಷ್ಣತೆಯ ಪ್ರಭಾವವೇ 1870ರ ಅವರ ಡಾಕ್ಟರೇಟ್ ಪ್ರಬಂಧದ ವಸ್ತುವಾಯಿತು.

1875ರಲ್ಲಿ ಅವರು ಹ್ಯಾಂಬರ್ಗಿನ ಸಾಗರ ವೀಕ್ಷಣಾಲಯವನ್ನು ಸೇರಿದರು. ಅಂದು ಮಳೆಮಾಪಕವನ್ನೇ ಕಾಣದ ಭೂಭಾಗಗಳು ವಿಪುಲವಾಗಿದ್ದವು. ಆದರೆ ಅಲ್ಲಿನ ಸಸ್ಯಗಳು ವರ್ಷವರ್ಷಗಳ ಮಳೆಬಿಸಿಲುಗಳಿಗೆ ಸಾಕ್ಷಿಯಾಗಿ ನಿಂತಿದ್ದವು. ಆಲ್ಫೋನ್ಸ್ ದ ಕಾಂಡೋಲ್ ಗುರುತಿಸಿದ್ದ ಸಸ್ಯವರ್ಗಗಳನ್ನು ಆಧರಿಸಿ ಕೊಪ್ಪೆನ್ 1900ರಲ್ಲಿ ಜಗತ್ತಿನ ವಾಯುಗುಣ ವರ್ಗೀಕರಣವನ್ನು ಪ್ರಕಟಿಸಿದರು. ಅತ್ಯಂತ ಬೆಚ್ಚನೆಯ ತಿಂಗಳ ಸರಾಸರಿ ಉಷ್ಣತೆಯೂ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ಕಡೆ ಮರಗಳು ಬೆಳೆಯಲಾರವು. ಅವರ ಧ್ರುವೀಯ ವಾಯುಗುಣದ ಎಲ್ಲೆ ಇದೇ. ಶುಷ್ಕ ಪ್ರದೇಶವನ್ನು ನಿರ್ಧರಿಸಲು ಮಳೆಯ ಪ್ರಮಾಣದೊಡನೆ ಉಷ್ಣತೆಯನ್ನೂ ಮಳೆಗಾಲವನ್ನೂ ತೂಗಿನೋಡಿದರು.

ಸಸ್ಯದಿಂದ ಎಳೆದ ಗೆರೆಯಿಂದಲೇ ಸಸ್ಯವನ್ನು ವಿವರಿಸಹೊರಟರೆ ವಾದ ತನ್ನಲ್ಲೇ ಸುತ್ತುತ್ತದೆ. ಮಣ್ಣು, ಕಾಳ್ಗಿಚ್ಚು, ಮೇವುಗಳ ಪಾತ್ರವೂ ಆ ಗೆರೆಗೆ ಕಾಣದು. ಕೊಪ್ಪೆನ್ ತಮ್ಮ ಗೆರೆಗಳನ್ನು ಅಂತಿಮವೆಂದು ಭಾವಿಸಲಿಲ್ಲ. 1918ರಲ್ಲಿ ತಿದ್ದಿದರು, ತೊಂಬತ್ತರ ವಯಸ್ಸಿನಲ್ಲಿ, 1936ರಲ್ಲಿ, ಮತ್ತೆ ತಿದ್ದಿದರು. ಈ ನಡುವೆ ಅಳಿಯ ಆಲ್ಫ್ರೆಡ್ ವೆಗೆನರ್ ಜೊತೆಗೂಡಿ ಪ್ರಾಚೀನ ಭೂಯುಗಗಳ ವಾಯುಗುಣವನ್ನು ಕುರಿತ ಗ್ರಂಥವನ್ನು 1924ರಲ್ಲಿ ಹೊರತಂದರು. 1930ರಲ್ಲಿ ಅಳಿಯ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಮಡಿದರೂ ಮಾವನ ದುಡಿಮೆ ನಿಲ್ಲಲಿಲ್ಲ.

1940ರಲ್ಲಿ ಕೊಪ್ಪೆನ್ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ನಿಧನರಾದರು. ಭೂಮಿ ಬಿಸಿಯೇರುತ್ತಿರುವ ಇಂದು ಅವರ ಗೆರೆಗಳು ಸರಿಯುತ್ತಿವೆ. ಕಾಡು ಅಷ್ಟು ಬೇಗ ಸರಿಯಲಾರದು. ಸಸ್ಯಕ್ಕೂ ವಾಯುಗುಣಕ್ಕೂ ಅವರು ಕಂಡ ಹೊಂದಿಕೆ ಹೀಗೆ ಪರೀಕ್ಷೆಗೆ ಒಳಗಾಗಿದೆ.