ಅಂಧ ಮಕ್ಕಳಿಗೆ ದಾರಿ ತೋರಿದ ಪಂಚಾಕ್ಷರಿ ಗವಾಯಿಗಳು



ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್ ದೂರದ ಗದಗಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನೀವು ಕೇಳಿರುತ್ತೀರಿ. ಅಂಧ ಹಾಗೂ ಬಡ ಮಕ್ಕಳಿಗೆ ಜಾತಿ ಮತ ಕೇಳದೆ ಅನ್ನ, ಆಶ್ರಯ, ಸಂಗೀತ ವಿದ್ಯೆ ನೀಡುವ ಸಂಸ್ಥೆ ಅದು. ಅದನ್ನು ಕಟ್ಟಿದವರು ಸ್ವತಃ ಹುಟ್ಟಿನಿಂದಲೇ ಅಂಧರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಅವರು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ಅವರ ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಹುಟ್ಟಿನಿಂದ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆ ತಂದೆತಾಯಿಯ ಸಂಕಟವನ್ನು ನೀವೇ ಊಹಿಸಿ. ಏಕೆ ಹೀಗಾಯಿತೆಂದು ಪರೀಕ್ಷಿಸುವ ವಿದ್ಯೆ ಆಗಿನ ಹಳ್ಳಿಗಳಲ್ಲಿ ಇರಲಿಲ್ಲ. ಹಣೆಬರಹ ಎಂದು ಸುಮ್ಮನಾಗುವುದೇ ವಾಡಿಕೆಯಾಗಿತ್ತು.

ಆದರೆ ಹಾನಗಲ್ಲ ಕುಮಾರ ಸ್ವಾಮಿಗಳು ಸುಮ್ಮನಾಗಲಿಲ್ಲ. ಬಾಲಕರ ಕಂಠವನ್ನು ಮೆಚ್ಚಿ ಅವರ ಶಿಕ್ಷಣದ ಹೊಣೆ ಹೊತ್ತರು. ಮುಂದೆ ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ನೀಲಕಂಠಬುವಾ ಮಿರಜಕರ ಅವರಿಂದಲೂ, ಕಿರಾಣಾ ಘರಾಣೆಯ ಉಸ್ತಾದ್ ವಹೀದ್ ಖಾನ್ ಸಾಹೇಬರಿಂದಲೂ ಹಿಂದೂಸ್ತಾನಿ ತಾಲೀಮು ಪಡೆದರು. ಎರಡೂ ಪದ್ಧತಿಗಳಲ್ಲಿ ಪಂಡಿತರಾದರು. ಕಲಿಸುವವರು ಸಿಕ್ಕರೆ ಅಂಧ ಮಗು ಎಷ್ಟು ಎತ್ತರಕ್ಕೆ ಏರಬಲ್ಲದು ನೋಡಿ.

ಇಷ್ಟು ಕಲಿತವರು ತಮ್ಮ ಕೀರ್ತಿಯನ್ನಷ್ಟೇ ನೋಡಿಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತ, ಹಾಡಿ ಬಂದ ಹಣದಲ್ಲಿ ಅವರನ್ನು ಸಾಕುತ್ತ ಪಾಠ ಹೇಳಿದರು. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ನೆರವಿನಿಂದ ಮಕ್ಕಳಿಗೆ ಕಾಯಂ ನೆಲೆ ದೊರೆಯಿತು. 1944ರಲ್ಲಿ, 52ನೆಯ ವಯಸ್ಸಿನಲ್ಲಿ ಗವಾಯಿಗಳು ತೀರಿಕೊಂಡರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ನಮ್ಮ ಧಾರವಾಡದ ಪಂಡಿತ ಬಸವರಾಜ ರಾಜಗುರು ಅವರೂ ಗವಾಯಿಗಳ ಶಿಷ್ಯರೇ.

ಓದುಗರೇ, ಗವಾಯಿಗಳ ಕಾಲಕ್ಕೆ ಇಲ್ಲದ ಒಂದು ಅನುಕೂಲ ನಮಗಿದೆ. ಮಕ್ಕಳ ಅಂಧತ್ವದ ಅನೇಕ ಕಾರಣಗಳು ಇಂದು ತಿಳಿದಿವೆ, ಹಲವನ್ನು ತಡೆಯಲೂಬಹುದು. ರಕ್ತಸಂಬಂಧದ ಮದುವೆ ನಮ್ಮ ಭಾಗದ ಹಲವು ಸಮುದಾಯಗಳಲ್ಲಿ ಇದೆ. ಇದರಿಂದ ಕೆಲವು ವಂಶಪಾರಂಪರ್ಯ ಕಣ್ಣಿನ ರೋಗಗಳ ಸಂಭವ ಹೆಚ್ಚುತ್ತದೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗು ಕಣ್ಣಿನ ಪೊರೆಯೊಂದಿಗೆ ಹುಟ್ಟಬಹುದು. ದಡಾರ ಹಾಗೂ ಎ ಜೀವಸತ್ವದ ಕೊರತೆ ಕಣ್ಣಿನ ಕರಿಗುಡ್ಡೆಯನ್ನೇ ಹಾಳುಮಾಡುತ್ತವೆ. ಇರುಳುಗುರುಡು ಈ ಕೊರತೆಯ ಮೊದಲ ಎಚ್ಚರಿಕೆ. ತಿಂಗಳು ತುಂಬದೆ ಹುಟ್ಟಿದ ಶಿಶುವಿನ ಕಣ್ಣನ್ನು 30 ದಿನಗಳೊಳಗೆ ವೈದ್ಯರಿಗೆ ತೋರಿಸಲೇಬೇಕು. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು, ಅದು ಪೊರೆಯಾಗಿರಬಹುದು ಅಥವಾ ಕ್ಯಾನ್ಸರ್ ಗಡ್ಡೆಯೂ ಆಗಿರಬಹುದು. ಕಣ್ಣಿಗೆ ಎಲೆರಸ ಹಿಂಡುವುದನ್ನು ಬಿಡಬೇಕು. ಒಂಬತ್ತು ತಿಂಗಳಿಗೆ ಕೊಡುವ ದಡಾರ-ರುಬೆಲ್ಲಾ ಲಸಿಕೆ, ಐದು ವರ್ಷದವರೆಗಿನ ಎ ಜೀವಸತ್ವದ ಹನಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿವೆ.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕೂಡುವ ಗೆಳೆಯ ಕರಿಹಲಗೆ ಓದಲು ಕಣ್ಣು ಕಿರಿದು ಮಾಡುತ್ತಿದ್ದರೆ ನಗಬೇಡಿ, ಗುರುಗಳಿಗೆ ತಿಳಿಸಿ. ಅವನು ದಡ್ಡನಲ್ಲ, ಅವನಿಗೆ ಬೇಕಾದದ್ದು ಬಹುಶಃ ಒಂದು ಕನ್ನಡಕ ಮಾತ್ರ.

ಪಾಲಕರೇ, ತಡೆಯಬಹುದಾದ ಅಂಧತ್ವವನ್ನು ಹಣೆಬರಹ ಎನ್ನುವುದು ಬೇಡ. ತಡೆಯಲಾಗದೆ ದೃಷ್ಟಿ ಹೋದ ಮಗುವನ್ನು ಮನೆಯ ಮೂಲೆಯಲ್ಲಿ ಕೂಡಿಸುವುದೂ ಬೇಡ. ಅದಕ್ಕೂ ಶಾಲೆಯಿದೆ, ಬ್ರೈಲ್ ಲಿಪಿಯಿದೆ. ಕಾಡಶೆಟ್ಟಿಹಳ್ಳಿಯ ಆ ಬಾಲಕನನ್ನು ಅಂದು ಯಾರೂ ಕೈಹಿಡಿಯದೇ ಹೋಗಿದ್ದರೆ, ಗದಗಿನಲ್ಲಿ ಅಷ್ಟೊಂದು ಮಕ್ಕಳಿಗೆ ಆಸರೆಯೇ ಇರುತ್ತಿರಲಿಲ್ಲ.