ರಾವಬಹಾದ್ದೂರ ಫ. ಗು. ಹಳಕಟ್ಟಿಯವರು: ಸಂಗದಿಂದ ರೂಪುಗೊಂಡ ಬಾಳು

ಶರಣಧರ್ಮದಲ್ಲಿ ಸಂಗಕ್ಕಿರುವ ಮಹತ್ವವನ್ನು ಶ್ರೀಮಠದ ಭಕ್ತಮಂಡಲಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಗುರುವಿನ ಕರದಲ್ಲಿ ಶಿಷ್ಯನು ಮರುಹುಟ್ಟು ಪಡೆಯುವನೆಂಬುದೂ, ಜಂಗಮದ ನಡೆಯನ್ನು ಕಂಡು ಭಕ್ತನು ತನ್ನ ನಡೆಯನ್ನು ತಿದ್ದಿಕೊಳ್ಳುವನೆಂಬುದೂ ಲಿಂಗವಂತರ ಮನೆಯ ಮಕ್ಕಳು ಎಳವೆಯಿಂದ ಕೇಳಿ ಬಲ್ಲ ಮಾತುಗಳು. ಆದರೆ ಈ ಮರುಹುಟ್ಟು ಒಂದು ದಿನದ ವಿಧಿಯಿಂದ ಮುಗಿದುಹೋಗುವಂಥದಲ್ಲ. ಹುಟ್ಟಿದ ಮನೆ, ಓದಿದ ಶಾಲೆ, ಹರೆಯದ ಗೆಳೆಯರು, ಉದ್ಯೋಗದ ಜೊತೆಗಾರರು, ಕೊನೆಗೆ ಮುಪ್ಪಿನಲ್ಲಿ ನೆರವಾಗುವ ಗ್ರಂಥಗಳು, ಇವೆಲ್ಲವೂ ಬಾಳಿನ ಉದ್ದಕ್ಕೂ ಮನುಷ್ಯನನ್ನು ಕಡೆಯುತ್ತಲೇ ಇರುತ್ತವೆ. ತಾನು ಯಾರೆಂಬುದಕ್ಕೆ ಇಪ್ಪತ್ತರ ಹರೆಯದಲ್ಲಿ ಒಬ್ಬನು ಕೊಡುವ ಉತ್ತರವನ್ನು ಅವನೇ ಐವತ್ತರಲ್ಲಿ ಕೊಡಲಾರನು. ವಚನವಾಙ್ಮಯವನ್ನು ಕನ್ನಡಿಗರ ಕೈಗೆ ತಂದುಕೊಟ್ಟ ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವಿತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆಯವರಾದ ಗುರುಬಸಪ್ಪನವರು ಶಿಕ್ಷಕರು; ಬರವಣಿಗೆಯಲ್ಲಿಯೂ ಕೈಯುಳ್ಳವರು. ಶಿಶುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ಅಜ್ಜಿಯು ಸಾಕಿ ಸಲಹಿದಳು. ಶಿಕ್ಷಕರ ಮನೆಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕವೆಂದರೆ ಪರೀಕ್ಷೆಯ ಕಾಲಕ್ಕೆ ಹೊರತೆಗೆಯುವ ವಸ್ತುವಾಗಿರಲಿಲ್ಲ. ಕನ್ನಡದಲ್ಲಿ ಬರೆಯುವುದು ಹಿರಿಯರು ಮಾಡುವ ಗೌರವದ ಕೆಲಸವೆಂಬುದನ್ನು ಆತನು ಮನೆಯಲ್ಲಿಯೇ ಕಣ್ಣಾರೆ ಕಂಡನು.

ಮನೆಯ ಹೊರಗಿನ ಪ್ರಪಂಚವು ಬೇರೊಂದು ಪಾಠವನ್ನು ಹೇಳುತ್ತಿದ್ದಿತು. ಧಾರವಾಡವು ಆಗ ಮುಂಬಯಿ ಇಲಾಖೆಗೆ ಸೇರಿದ್ದು, ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಮರಾಠಿಯ ಪ್ರಭಾವವು ಬಲವಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ ದುಡಿದು 1881ರಲ್ಲಿ ಲಿಂಗೈಕ್ಯರಾಗಿದ್ದರು. ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕಾಗಿ 1883ರಲ್ಲಿ ಧಾರವಾಡದಲ್ಲಿ ಸಂಸ್ಥೆಯೊಂದು ಹುಟ್ಟಿದ್ದಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಯಿತು. ಹೀಗೆ ಬಾಲಕ ಫಕೀರಪ್ಪನು ಬೆಳೆದ ಊರಿನಲ್ಲಿ ಎರಡು ಗಾಳಿಗಳು ಎದುರುಬದುರಾಗಿ ಬೀಸುತ್ತಿದ್ದವು. ಸ್ವಭಾಷೆಯನ್ನು ಆಡಲು ನಾಚುವ ಗಾಳಿ ಒಂದು. ಆ ನಾಚಿಕೆಯನ್ನು ನೀಗಬೇಕೆಂಬ ಗಾಳಿ ಇನ್ನೊಂದು. ಯಾವುದು ಆತನನ್ನು ಒಯ್ಯುವುದೆಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ.

ಅದು ತೀರ್ಮಾನವಾದುದು ಮುಂಬಯಿಯಲ್ಲಿ. ಮ್ಯಾಟ್ರಿಕ್ ಪರೀಕ್ಷೆಯು ಮುಗಿದ ತರುವಾಯ ಹಳಕಟ್ಟಿಯವರು ಅಲ್ಲಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಸ್ವಗ್ರಾಮದಲ್ಲಿ ಇದ್ದವರೆಗೆ ಮನುಷ್ಯನಿಗೆ ತನ್ನ ಭಾಷೆಯ ಅರಿವೇ ಇರುವುದಿಲ್ಲ. ಮೀನಿಗೆ ನೀರಿನ ಅರಿವು ಇಲ್ಲದಿರುವಂತೆ. ಪರಭಾಷಿಕರ ನಡುವೆ ನಿಂತಾಗಲೇ ತಾನು ಕನ್ನಡಿಗನೆಂಬುದು ಹೊಳೆಯುವುದು. ಅಲ್ಲಿ ಗುಜರಾತಿ ವಿದ್ಯಾರ್ಥಿಗಳೂ ಮರಾಠಿ ವಿದ್ಯಾರ್ಥಿಗಳೂ ತಮ್ಮ ತಮ್ಮ ನುಡಿಯ ಮೇಲೆ ಇಟ್ಟಿದ್ದ ಅಭಿಮಾನವನ್ನೂ, ತಮ್ಮ ಸಂತಕವಿಗಳ ಹೆಸರನ್ನೆತ್ತಿದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಕಳೆಯನ್ನೂ ಕಂಡು ಅವರ ಮನಸ್ಸು ಕಲಕಿತು. ಮಹಾರಾಷ್ಟ್ರದ ಯುವಕನು ಜ್ಞಾನೇಶ್ವರ ತುಕಾರಾಮರನ್ನು ಮುಂದಿಡಬಲ್ಲನು. ಧಾರವಾಡದ ಲಿಂಗವಂತ ಯುವಕನು ಯಾರನ್ನು ಮುಂದಿಡಬೇಕು? ಬಸವಣ್ಣನವರ ಹೆಸರನ್ನು ಆತನು ಬಲ್ಲನು, ಅವರ ಕಥೆಗಳನ್ನು ಪುರಾಣದಲ್ಲಿ ಕೇಳಿರುವನು. ಆದರೆ ಅವರು ಸ್ವತಃ ನುಡಿದುದನ್ನು ತೆರೆದು ತೋರಿಸಲು ಆತನ ಕೈಯಲ್ಲಿ ಏನೂ ಇರಲಿಲ್ಲ. ಇದೇ ಕಾಲದಲ್ಲಿ ಆಲೂರ ವೆಂಕಟರಾಯರ ಸ್ನೇಹವು ಅವರಿಗೆ ಲಭಿಸಿತು. ವೆಂಕಟರಾಯರು ಹುಟ್ಟಿದುದು 1880ರ ಜುಲೈ 12ರಂದು, ವಿಜಾಪುರದಲ್ಲಿ. ಹತ್ತು ದಿನಗಳ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ವಿಜಾಪುರದವರು ಧಾರವಾಡಕ್ಕೂ, ಧಾರವಾಡದವರು ವಿಜಾಪುರಕ್ಕೂ ತಮ್ಮ ಬಾಳನ್ನು ಸಲ್ಲಿಸಿದುದು ಒಂದು ಸೊಗಸಾದ ಯೋಗಾಯೋಗ. ಆಲೂರರು ಕರ್ನಾಟಕತ್ವದ ಕಡೆಗೆ ನಡೆದರು, ಹಳಕಟ್ಟಿಯವರು ವಚನಗಳ ಕಡೆಗೆ ತಿರುಗಿದರು. ಆದರೆ ಇಬ್ಬರೊಳಗೂ ಹೊತ್ತಿದುದು ಪರನಗರದಲ್ಲಿ ತಗುಲಿದ ಒಂದೇ ಕಿಡಿ.

1904ರಲ್ಲಿ ಹಳಕಟ್ಟಿಯವರು ಕಾಯದೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದರು. ಸ್ವಲ್ಪಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ಅಂದಿನ ಕಾಲದಲ್ಲಿ ಇಂಗ್ಲಿಷ್ ಕಲಿತ ವಕೀಲನೆಂದರೆ ಜಿಲ್ಲೆಯ ಹತ್ತು ಗಣ್ಯರಲ್ಲಿ ಒಬ್ಬನು. ಕಚೇರಿಯ ಕೋಟು, ಅಧಿಕಾರಿಗಳ ಪರಿಚಯ, ಪಕ್ಷಕಾರರ ನಮಸ್ಕಾರ, ಇವು ಬಹು ಬೇಗನೆ ಒಬ್ಬನನ್ನು ತಮ್ಮ ಅಚ್ಚಿಗೆ ಎರಕಹೊಯ್ದುಬಿಡುತ್ತವೆ. ಹಳಕಟ್ಟಿಯವರಿಗೂ ಆ ಮರ್ಯಾದೆಗಳು ಕೊರತೆಯಿಲ್ಲದೆ ದೊರೆತವು. ಅವರು ಸರಕಾರಿ ವಕೀಲರಾದರು, ಮುಂಬಯಿ ಶಾಸನಸಭೆಯ ಸದಸ್ಯರಾದರು, ಮೊದಲು ರಾವಸಾಹೇಬ, ಆಮೇಲೆ ರಾವಬಹಾದ್ದೂರ ಎಂಬ ಬಿರುದುಗಳನ್ನು ಪಡೆದರು. ಅಷ್ಟಕ್ಕೇ ನಿಂತಿದ್ದರೆ ಅವರು ಆ ಕಾಲದ ಇತರ ಯಶಸ್ವಿ ವಕೀಲರಂತೆ ಗೌರವದಿಂದ ಬಾಳಿ ಮರೆತುಹೋಗುತ್ತಿದ್ದರು.

ಅವರನ್ನು ಅಲ್ಲಿ ನಿಲ್ಲಗೊಡದೆ ಇದ್ದುದು ವಿಜಾಪುರದ ಜನ. ಮಳೆಯನ್ನು ನಂಬಲಾಗದ ಸೀಮೆ, ಬರಕ್ಕೆ ತುತ್ತಾಗಿ ತುತ್ತಾಗಿ ಬಡವಾದ ಒಕ್ಕಲುಗಳು, ಅಕ್ಷರದ ಗಂಧವಿಲ್ಲದ ಹಳ್ಳಿಗಳು. ನ್ಯಾಯಾಲಯದ ಜಗಲಿಯ ಮೇಲೆ ದಿನವೂ ಕಾಣುತ್ತಿದ್ದ ರೈತನ ದೈನ್ಯವು ವಕೀಲರನ್ನು ಸಮಾಜಸೇವಕರನ್ನಾಗಿ ಮಾಡಿತು. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವು ಅವರ ಮುಂದಾಳುತನದಿಂದ ಹುಟ್ಟಿತು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಸ್ಥಾಪಿತವಾಯಿತು. ಸಾಲಕ್ಕಾಗಿ ಸಾಹುಕಾರನ ಬಾಗಿಲನ್ನು ಕಾಯುವವನಿಗೆ ಬ್ಯಾಂಕು, ಮಗನ ಓದಿಗಾಗಿ ದಿಕ್ಕು ಕಾಣದವನಿಗೆ ಶಾಲೆ; ಅವರ ಲೆಕ್ಕಾಚಾರವು ಇಷ್ಟು ಸರಳವಾಗಿದ್ದಿತು.

ಇಷ್ಟರಲ್ಲಿಯೇ ಇನ್ನೊಂದು ಸಂಗವು ಒಳಗೊಳಗೆ ಬೆಳೆಯುತ್ತಲಿದ್ದಿತು. ನೇಕಾರರ ಊರುಗಳಾದ ರಬಕವಿ ಬನಹಟ್ಟಿಗಳ ಕಡೆಗೆ ಹೋಗಿದ್ದಾಗ ಭಕ್ತರ ಮನೆಯೊಂದರಲ್ಲಿ ಹಳಕಟ್ಟಿಯವರು ಪ್ರಭುದೇವರ ವಚನಗಳ ತಾಡವೋಲೆಯ ಕಟ್ಟನ್ನು ಕಂಡರು. ಆ ಕಾಲದಲ್ಲಿ ಇಂಥ ಕಟ್ಟುಗಳು ಮನೆಮನೆಗಳಲ್ಲಿಯೂ ಮಠಗಳಲ್ಲಿಯೂ ಇದ್ದವು. ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟು ವಿಭೂತಿ ಪತ್ರೆಗಳಿಂದ ಅವುಗಳನ್ನು ಪೂಜಿಸುತ್ತಿದ್ದರು. ಪೂಜಿಸುವ ಭಕ್ತಿಯು ಇದ್ದಿತು; ಬಿಚ್ಚಿ ಓದುವ ರೂಢಿಯು ತಪ್ಪಿಹೋಗಿದ್ದಿತು. ಅಲ್ಲೊಂದು ಇಲ್ಲೊಂದು ವಚನಗ್ರಂಥವು ಅಚ್ಚಾಗಿದ್ದರೂ ಉಳಿದ ರಾಶಿಯೆಲ್ಲ ಹುಳುವಿಗೂ ಹೊಗೆಗೂ ಆಹುತಿಯಾಗುತ್ತಿದ್ದಿತು. ಮುಂಬಯಿಯಲ್ಲಿ ಬರಿಗೈಯಾಗಿ ನಿಂತಿದ್ದ ಯುವಕನಿಗೆ ಉತ್ತರವು ಇಲ್ಲಿ, ತನ್ನ ಜನರ ಜಗಲಿಯ ಮೇಲೆಯೇ ದೊರೆಯಿತು.

ಅಂದಿನಿಂದ ಅವರು ಊರೂರು ಅಲೆದರು. ಮನೆತನದ ದೇವರೆಂದು ಬಗೆದ ಕಟ್ಟನ್ನು ಪರರ ಕೈಗೆ ಕೊಡಲು ಒಪ್ಪದವರು ಅನೇಕರು. ಅವರ ಹಿಂಜರಿಕೆಯನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಆ ಹಿಂಜರಿಕೆಯೇ ಶತಮಾನಗಳ ಕಾಲ ಓಲೆಗಳನ್ನು ಉಳಿಸಿಕೊಂಡು ಬಂದಿತೆಂಬುದನ್ನು ಮರೆಯಲಾಗದು. ಹಳಕಟ್ಟಿಯವರು ವಿನಯದಿಂದ ಕೇಳಿದರು, ಕಾದರು, ಪ್ರತಿಮಾಡಿಸಿದರು. ಇಲ್ಲಿ ವಕೀಲಿಯ ಅಭ್ಯಾಸವು ಅವರ ನೆರವಿಗೆ ಬಂದಿತು. ನಾಲ್ಕು ಸಾಕ್ಷಿಗಳ ಮಾತನ್ನು ಎದುರುಬದುರು ಇಟ್ಟು ತೂಗುವವನು ನಾಲ್ಕು ಪ್ರತಿಗಳ ಪಾಠಗಳನ್ನೂ ಹಾಗೆಯೇ ತೂಗಬಲ್ಲನು. ಬಿಡಿಬಿಡಿಯಾಗಿ ಹರಡಿದ್ದ ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿ, ಇದೊಂದು ಕ್ರಮಬದ್ಧವಾದ ಶಾಸ್ತ್ರವೆಂದು ಲೋಕದ ಮುಂದೆ ನಿಲ್ಲಿಸಿದುದರಲ್ಲಿಯೂ ವಾದವನ್ನು ಹೂಡುವ ವಕೀಲನ ಕೈ ಸ್ಪಷ್ಟವಾಗಿ ಕಾಣುತ್ತದೆ. ವಚನಗಳನ್ನು ಶಾಸ್ತ್ರವೆಂದು ಕರೆದುದು ಸರಿಯೇ ಎಂದು ತರುವಾಯದ ಪಂಡಿತರು ಚರ್ಚಿಸಿರುವರು. ಆ ಚರ್ಚೆಗೆ ಬೇಕಾದ ವಚನಗಳು ಅವರ ಕೈಗೆ ಸಿಕ್ಕಿದುದು ಮಾತ್ರ ಹಳಕಟ್ಟಿಯವರಿಂದಲೇ.

ವಚನಶಾಸ್ತ್ರಸಾರದ ಹಸ್ತಪ್ರತಿಯು ಸಿದ್ಧವಾದಾಗ ಅದನ್ನು ಮಂಗಳೂರಿನ ಒಂದು ಹೆಸರಾಂತ ಮುದ್ರಣಾಲಯಕ್ಕೆ ಕಳುಹಲಾಯಿತು; ಅವರು ಅಚ್ಚುಹಾಕಲು ಒಪ್ಪದೆ ಹಿಂದಿರುಗಿಸಿದರು. 1922ರಲ್ಲಿ ಅವರು ಇಂಗ್ಲಿಷಿಗೆ ತಂದ ಬಸವಣ್ಣನವರ ವಚನಗಳು ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಬೆಳಕು ಕಂಡವು. ಕನ್ನಡದ ಮೂಲವು ಕನ್ನಡಿಗರ ಕೈಸೇರುವ ಮೊದಲೇ ಅನುವಾದವು ವಿದ್ವಾಂಸರ ಕೈಸೇರಿದುದು ಅಂದಿನ ದುಃಸ್ಥಿತಿಯನ್ನು ತೋರಿಸುತ್ತದೆ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಂದಿತು.

ಮುಂದೆ ಹಳಕಟ್ಟಿಯವರು ಮಾಡಿದುದನ್ನು ವ್ಯವಹಾರಜ್ಞರು ಮೆಚ್ಚಲಾರರು. ಪರರ ಮುದ್ರಣಾಲಯವನ್ನು ಅವಲಂಬಿಸುವುದು ಬೇಡವೆಂದು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ವಕೀಲಿಯಿಂದ ಬಂದುದು ಮುದ್ರಣಾಲಯದ ಹೊಟ್ಟೆಗೆ ಹೋಯಿತು. ಆಮೇಲೆ ವಕೀಲಿಯೂ ಹಿಂದೆ ಸರಿಯಿತು. ಕಾಗದದ ಬೆಲೆ, ಬಾಕಿ ಉಳಿಸಿಕೊಂಡ ಚಂದಾದಾರರು, ಮಾರಾಟವಾಗದೆ ಉಳಿದ ಪ್ರತಿಗಳು, ಇವು ಅವರ ನಿತ್ಯದ ಚಿಂತೆಗಳಾದವು. ರಾವಬಹಾದ್ದೂರರು ತೇಪೆಹಾಕಿದ ಹಳೆಯ ಕೋಟಿನಲ್ಲಿಯೇ ವಿಜಾಪುರದ ಬೀದಿಗಳಲ್ಲಿ ನಡೆಯುತ್ತಿದ್ದುದನ್ನು ಕಂಡವರು ಬಹುಕಾಲ ನೆನೆಯುತ್ತಿದ್ದರು. ಅವರ ತ್ಯಾಗವನ್ನು ಹೊಗಳುವಾಗ, ಆ ಬಡತನವನ್ನು ಅವರೊಡನೆ ಹೊತ್ತವರು ಮನೆಯ ಹೆಂಡಿರು ಮಕ್ಕಳು ಎಂಬುದನ್ನೂ ನೆನೆಯುವುದು ನ್ಯಾಯ. ಸಂಗದಿಂದ ಮನುಷ್ಯನು ಬದಲಾದಾಗ ಅದರ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ.

ಈ ಬದಲಾವಣೆಯ ಮೂಲವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಗಲು ನ್ಯಾಯಾಲಯದ ಕಾಗದಗಳನ್ನು ಓದಿ ಇರುಳು ಶರಣರ ಓಲೆಗಳನ್ನು ಓದುವವನು ಇಬ್ಬರು ಒಡೆಯರ ಸೇವೆಯನ್ನು ಬಹುದಿನ ಮಾಡಲಾರನು. ಕಾಯಕವೆಂದರೇನು, ದಾಸೋಹವೆಂದರೇನು ಎಂಬುದನ್ನು ಪ್ರತಿಮಾಡುತ್ತ, ಕರಡು ತಿದ್ದುತ್ತ ದಿನವೂ ಓದಿದವರು ಅವರು. ಮಡಿವಾಳ, ಅಂಬಿಗ, ನುಲಿಯ ಹೊಸೆಯುವವ, ಕದಿರ ನೂಲುವವಳು, ಇಂಥ ಅನುಭವಿಗಳ ನಡುವೆ ಇರುಳುಗಳನ್ನು ಕಳೆದ ಮೇಲೆ ಸರಕಾರದ ಬಿರುದು ಹಗುರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಎಂಟುನೂರು ವರ್ಷಗಳ ಹಿಂದಿನ ಕಲ್ಯಾಣದ ಶರಣರು ವಿಜಾಪುರದ ಒಬ್ಬ ವಕೀಲರನ್ನು ತಮ್ಮ ಮೇಳಕ್ಕೆ ಸೇರಿಸಿಕೊಂಡರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಹೀಗೆ ರೂಪುಗೊಂಡವರು ತಮ್ಮ ಸರದಿಯಲ್ಲಿ ಸಮಾಜವನ್ನೇ ರೂಪಿಸಿದರು. ಜನಗಣತಿಯಲ್ಲಿ ಲಿಂಗವಂತರನ್ನು ಯಾವ ವರ್ಗದಲ್ಲಿ ಬರೆಯಬೇಕೆಂಬ ವಾದವು ಬಿಸಿಯೇರಿದ್ದ ಕಾಲವದು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಕೂಡಿದ್ದಿತು. ತಾವು ಯಾರೆಂದು ಹೇಳಿಕೊಳ್ಳಲು ಪರರ ಅಳತೆಗೋಲನ್ನು ಹಿಡಿದವರೂ ಆಗ ಇದ್ದರು. ಹಳಕಟ್ಟಿಯವರು ಓಲೆಯ ಕಟ್ಟನ್ನು ಬಿಚ್ಚಿ ಮುಂದಿಟ್ಟರು. ಅವರಿಗಿಂತ ಮೊದಲು ಹೆಸರು ತಿಳಿದಿದ್ದ ವಚನಕಾರರು ಸುಮಾರು 50 ಮಂದಿ. ಅವರ ಶೋಧದಿಂದ ಆ ಸಂಖ್ಯೆಯು 250ನ್ನು ಮೀರಿತು. ಹರಿಹರನ ರಗಳೆಗಳು ಅಚ್ಚಾದವು. 1930ರಲ್ಲಿ ಶೂನ್ಯಸಂಪಾದನೆಯು ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಹಳ್ಳಿಯ ಶಾಲೆಯ ಮಾಸ್ತರನು ಶಿವಾನುಭವದ ಸಂಚಿಕೆಯನ್ನು ತೆರೆದು ಓದಿ ಹೇಳುವಂತಾಯಿತು. ಜಗಲಿಯ ಮೇಲಿನ ಕಟ್ಟಿಗೆ ನಾಲಗೆ ಮೂಡಿತು.

1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರಾದರು. ಮುಂಬಯಿ ಇಲಾಖೆಯ ಕನ್ನಡಿಗನು ಮದ್ರಾಸು ಇಲಾಖೆಯ ಊರಿನಲ್ಲಿ ಕನ್ನಡಿಗರೆಲ್ಲರ ಪರವಾಗಿ ಪೀಠವನ್ನೇರಿದ ಆ ದಿನಕ್ಕೂ, ವಿಜಾಪುರವೂ ಬಳ್ಳಾರಿಯೂ ಒಂದೇ ರಾಜ್ಯದಲ್ಲಿ ಕೂಡಿದ 1956ರ ನವೆಂಬರ್ 1ಕ್ಕೂ ನಡುವೆ 30 ವರ್ಷಗಳು ಸಂದವು. ಅದೇ 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ಅರ್ಪಿಸಿತು. ಹುಟ್ಟೂರಿನಿಂದ ಬಂದ ಈ ಮನ್ನಣೆಯ ವೇಳೆಗೆ ಅವರಿಗೆ 76 ವರ್ಷ ತುಂಬಿದ್ದಿತು; ಆರ್ಥಿಕ ಅಡಚಣೆಯು ಆಗಲೂ ಬಿಟ್ಟಿರಲಿಲ್ಲ, ಶಿವಾನುಭವದ ಕೆಲಸವನ್ನು ಅವರೂ ಬಿಟ್ಟಿರಲಿಲ್ಲ.

1964ರ ಜೂನ್ 29ರಂದು ವಿಜಾಪುರದಲ್ಲಿ ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ನೆಟ್ಟ ವಿದ್ಯಾವರ್ಧಕ ಸಂಘವು ಬೆಳೆದು ಹಬ್ಬಿತು. ಅವರ ಹೆಸರಿನ ಸಂಶೋಧನ ಕೇಂದ್ರವು ಆ ಸಂಘದ ಆಶ್ರಯದಲ್ಲಿಯೇ ಸ್ಥಾಪಿತವಾಗಿ ಅವರ ಗ್ರಂಥಗಳನ್ನು ಮರಳಿ ಅಚ್ಚುಹಾಕಿತು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಸಂಪಾದಕರು ಅನೇಕರು, ಹಸ್ತಪ್ರತಿ ಭಾಂಡಾರಗಳು ಹಲವು, ವೆಚ್ಚವು ಸರಕಾರದ್ದು. ಅದಕ್ಕೆ 70 ವರ್ಷಗಳ ಹಿಂದೆ ಆ ಹಾದಿಯನ್ನು ಕಡಿದವರ ಬಳಿ ಇದ್ದುದು ಒಂದು ವಕೀಲಿಯ ಸನದು, ಸ್ನೇಹಿತರಿಂದಲೂ ಭಕ್ತರಿಂದಲೂ ಬೇಡಿ ತಂದ ಕೆಲವು ಓಲೆಯ ಕಟ್ಟುಗಳು.